ಹಳೇ ಕಾಡಾ, ಹೊಸ ಕಾಡಾ? ಹುಲಿ ತನ್ನ ಬೇಟೆಯ ಜಾಗ ಹುಡುಕೋದು ಹೇಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಚಿಕ್ಕ ಬದಲಾವಣೆ ಮಾಡಲಾಗಿದೆ.)

ಇವತ್ತು ಒಂದು ಹುಲಿಯಿಂದ ಶುರು ಮಾಡೋಣ.

2010ರಲ್ಲಿ ಬಂಡೀಪುರದ ಕಾಡಿನಲ್ಲಿ ಇಟ್ಟಿದ್ದ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಒಂದು ಗಂಡು ಹುಲಿಯ ಫೋಟೊ ಬಿತ್ತು. ಸಂಶೋಧಕರು ಅದಕ್ಕೆ ಬಿಪಿಟಿ-241 ಅಂತ ಗುರುತು ಕೊಟ್ಟರು. ಮರುವರ್ಷ, 2011ರಲ್ಲಿ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಊರಿನ ಹತ್ತಿರ ಬಂದ ಒಂದು ಹುಲಿಯನ್ನ ಹಿಡಿಯಲಾಯಿತು. ಅದರ ಮೈಮೇಲಿನ ಪಟ್ಟೆಗಳನ್ನ ಹಳೇ ಫೋಟೊಗಳ ಜೊತೆ ಹೋಲಿಸಿ ನೋಡಿದಾಗ ಗೊತ್ತಾಯ್ತು, ಇದು ಅದೇ ಬಂಡೀಪುರದ ಹುಲಿ! ನಮ್ಮ ಬೆರಳಚ್ಚಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರೋದಿಲ್ಲ, ಹಾಗಾಗಿ ಇಲ್ಲಿ ಅನುಮಾನಕ್ಕೆ ಜಾಗ ಇಲ್ಲ. ಬಂಡೀಪುರಕ್ಕೂ ಶಿಕಾರಿಪುರಕ್ಕೂ ನಡುವೆ ಸುಮಾರು 280 ಕಿಲೋಮೀಟರ್.

ಬಂಡೀಪುರ ಅಂದ್ರೆ ಜಿಂಕೆ, ಕಡವೆ, ಕಾಟಿ ತುಂಬಿರೋ ಕಾಡು. ಹುಲಿಗೆ ಅಂತಲೇ ಇರೋ ಜಾಗ. ಅಂಥ ಜಾಗ ಬಿಟ್ಟು, ರಸ್ತೆ, ಹೊಲ, ತೋಟ, ಊರು ಎಲ್ಲ ದಾಟ್ಕೊಂಡು, ಮುಂದೆ ಏನಿದೆ ಅಂತಾನೇ ಗೊತ್ತಿಲ್ಲದ ಕಡೆಗೆ ಒಂದು ಹುಲಿ ಯಾಕೆ ಹೊರಡುತ್ತೆ?

ಇವತ್ತಿನ ಸಂಚಿಕೆಯ ಪ್ರಶ್ನೆ ಇದೇ. ಗೊತ್ತಿರೋ ಬೇಟೆ ಜಾಗದಲ್ಲೇ ಉಳಿಯೋದಾ, ಹೊಸ ಜಾಗ ಹುಡುಕಿಕೊಂಡು ಹೋಗೋದಾ? ಹುಲಿಗೆ, ಹಕ್ಕಿಗೆ, ಬೇಟೆ ಆಡಿ ಬದುಕಿದ ಮನುಷ್ಯರಿಗೆ, ಎಲ್ಲರಿಗೂ ಎದುರಾಗಿರೋ ಪ್ರಶ್ನೆ ಇದು. ಇದರ ಉತ್ತರದ ಮೇಲೆ ನಮ್ಮ ಕಾಡಂಚಿನ ಊರುಗಳ ನೆಮ್ಮದಿಯೂ ನಿಂತಿದೆ. ಅದು ಹೇಗೆ ಅಂತ ಕೊನೆಗೆ ಹೇಳ್ತೀನಿ.

ವರ್ಷಕ್ಕೆ 50 ಬೇಟೆ

ಮೊದಲು ಹುಲಿಯ ಹೊಟ್ಟೆ ಲೆಕ್ಕ. ಒಂದು ಹುಲಿ ಸುಮಾರು ವಾರಕ್ಕೊಂದು ದೊಡ್ಡ ಪ್ರಾಣಿಯನ್ನ ಕೊಲ್ಲುತ್ತೆ. ವರ್ಷಕ್ಕೆ ಹತ್ತಿರ ಹತ್ತಿರ 50. ನಮ್ಮವರೇ ಆದ ಹುಲಿ ತಜ್ಞ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ದಶಕಗಳ ಕಾಲ ಮಾಡಿದ ಅಧ್ಯಯನದಿಂದ ಈ ಲೆಕ್ಕ ಜನಕ್ಕೆ ಪರಿಚಯ ಆಯ್ತು. ಒಂದು ಕಾಡಿನಲ್ಲಿರೋ ಬೇಟೆ ಪ್ರಾಣಿಗಳಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟನ್ನ ಹುಲಿಗಳು ತಿಂದರೆ ಉಳಿದವು ಮರಿ ಹಾಕಿ ಆ ನಷ್ಟ ತುಂಬಿಕೊಳ್ತವೆ. ಅಂದ್ರೆ ಒಂದು ಹುಲಿ ನೆಮ್ಮದಿಯಾಗಿ ಇರಬೇಕಾದರೆ ಅದರ ಪಾಲಿಗೆ ಸುಮಾರು 500 ಪ್ರಾಣಿ ಬೇಕು.

ಈ 500 ಪ್ರಾಣಿ ಎಷ್ಟು ಜಾಗದಲ್ಲಿ ಸಿಗ್ತವೆ ಅನ್ನೋದರ ಮೇಲೆ ಹುಲಿಯ ಬೇಟೆ ಜಾಗದ ಅಳತೆ ತೀರ್ಮಾನ ಆಗುತ್ತೆ. ನಾಗರಹೊಳೆಯಂಥ ಸಮೃದ್ಧ ಕಾಡಲ್ಲಿ ಒಂದು ಹೆಣ್ಣು ಹುಲಿಗೆ ಸುಮಾರು 20 ಚದರ ಕಿಲೋಮೀಟರ್ ಸಾಕಾಗಬಹುದು. ಅದೇ ರಷ್ಯಾದ ಪೂರ್ವ ತುದಿಯ ಹಿಮದ ಕಾಡಲ್ಲಿ ಪ್ರಾಣಿಗಳು ವಿರಳ. ಅಲ್ಲಿ ಒಂದು ಹೆಣ್ಣು ಹುಲಿಗೆ ಸುಮಾರು 400 ಚದರ ಕಿಲೋಮೀಟರ್ ಬೇಕು, ಗಂಡಿಗೆ ಸಾವಿರಕ್ಕೂ ಮೇಲೆ. ಅದೇ ಜಾತಿ, ಅದೇ ಹೊಟ್ಟೆ, ಜಾಗ ಮಾತ್ರ ಇಪ್ಪತ್ತು ಪಟ್ಟು.

ಗೊತ್ತಿರೋ ಜಾಗದ ಲಾಭ

ಹುಲಿ ಬೇಟೆ ಅಂದ್ರೆ ನಾವು ವಿಡಿಯೋದಲ್ಲಿ ನೋಡೋ ಹಾಗೆ ಹಾರಿದ ಕೂಡಲೇ ಹಿಡಿಯೋದು ಅಲ್ಲ. 1960ರ ದಶಕದಲ್ಲಿ ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿ ಹುಲಿಗಳನ್ನ ಅಧ್ಯಯನ ಮಾಡಿದ ಜಾರ್ಜ್ ಶಾಲರ್ ಅವರ ಅಂದಾಜು ಪ್ರಕಾರ, ಸುಮಾರು 20 ಸಲ ಪ್ರಯತ್ನ ಮಾಡಿದರೆ ಒಂದು ಸಲ ಬೇಟೆ ಸಿಗುತ್ತೆ. ಉಳಿದ 19 ಸಲ ಬರಿಗೈ.

ಹುಲಿ ದೂರದ ಓಟಗಾರ ಅಲ್ಲ. ಅದರ ಶಕ್ತಿ ಇರೋದು ಹತ್ತಿರ ಹೋಗೋದರಲ್ಲಿ. ಹತ್ತಿರ ಹೋಗಬೇಕಾದರೆ ಜಾಗ ಗೊತ್ತಿರಬೇಕು. ಬೇಸಿಗೆಯಲ್ಲಿ ಯಾವ ಕೆರೆಯಲ್ಲಿ ಕೊನೇವರೆಗೂ ನೀರು ಉಳಿಯುತ್ತೆ, ಕಡವೆ ಯಾವ ಹೊತ್ತಿಗೆ ಯಾವ ಹಳ್ಳಕ್ಕೆ ಇಳಿಯುತ್ತೆ, ಒಣ ಎಲೆ ಸದ್ದು ಮಾಡದ ಕಾಲುದಾರಿ ಯಾವುದು, ಪಕ್ಕದ ಹುಲಿಯ ಗಡಿ ಎಲ್ಲಿಂದ ಶುರುವಾಗುತ್ತೆ, ಇದೆಲ್ಲ ಆ ಹುಲಿಯ ತಲೆಯಲ್ಲಿರೋ ಮ್ಯಾಪ್. ಈ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳೋಕೆ ಆಗಲ್ಲ. ಓಡಾಡಿಯೇ ಕಲಿಯಬೇಕು. ಹೊಸ ಜಾಗಕ್ಕೆ ಹೋದ ಹುಲಿ ಈ ಮ್ಯಾಪನ್ನ ಮೊದಲಿಂದ ಬರೀಬೇಕು, ಅದೂ ಹಸಿದ ಹೊಟ್ಟೆಯಲ್ಲಿ.

ಹಾಗಾದ್ರೆ ಗೊತ್ತಿರೋ ಜಾಗವೇ ಒಳ್ಳೇದು ಅಂತ ಮುಗಿಸಿಬಿಡಬಹುದಾ? ಇಲ್ಲ.

ಗೊತ್ತಿರೋ ಜಾಗದ ನಷ್ಟ

ಹುಲಿಗೆ ಜಾಗ ಗೊತ್ತಾದ ಹಾಗೆ, ಜಿಂಕೆಗೂ ಹುಲಿ ಗೊತ್ತಾಗುತ್ತೆ. ಒಂದು ಕೆರೆ ಹತ್ತಿರ ಎರಡು ಮೂರು ಸಲ ದಾಳಿ ಆದರೆ ಅಲ್ಲಿನ ಪ್ರಾಣಿಗಳು ಹುಷಾರಾಗ್ತವೆ. ಹಿಂಡು ದೊಡ್ಡದಾಗುತ್ತೆ, ತಲೆ ಎತ್ತಿ ನೋಡೋದು ಜಾಸ್ತಿ ಆಗುತ್ತೆ, ಮರದ ಮೇಲಿನ ಮುಸುವ ಒಂದು ಸಲ ಕೂಗಿದರೆ ಸಾಕು, ಇಡೀ ಕಣಿವೆಗೆ ಸುದ್ದಿ. ಜಿಂಕೆಗಳ ಸಂಖ್ಯೆ ಅಷ್ಟೇ ಇದ್ದರೂ ಹುಲಿಯ ಪಾಲಿಗೆ ಆ ಜಾಗ ಖಾಲಿ ಆದ ಹಾಗೇ ಲೆಕ್ಕ.

ಅದಕ್ಕೇ ಹುಲಿ ಒಂದೇ ಕಡೆ ಕೂರೋದಿಲ್ಲ. ತನ್ನ ಗಡಿಯೊಳಗೇ ಸುತ್ತುತ್ತೆ. ಇಲ್ಲಿ ಒಂದು ಬೇಟೆ, ಮೂರು ನಾಲ್ಕು ದಿನ ಅದನ್ನೇ ತಿಂದು, ಮತ್ತೆ ಬೇರೆ ಮೂಲೆಗೆ. ಈ ಮೂಲೆಯ ಪ್ರಾಣಿಗಳು ಮೈಮರೆಯೋ ಹೊತ್ತಿಗೆ ವಾಪಸ್. ಅಂದ್ರೆ 'ಹಳೇ ಜಾಗ' ಅಂತ ನಾವು ಅಂದುಕೊಳ್ಳೋದರ ಒಳಗೇ ದಿನಾ ಚಿಕ್ಕ ಚಿಕ್ಕ 'ಇಲ್ಲೇ ಇರಲಾ, ಆ ಕಡೆ ಹೋಗಲಾ' ನಡೀತಾ ಇರುತ್ತೆ.

ಇದಕ್ಕೆ ಒಂದು ಲೆಕ್ಕವೂ ಇದೆ. 1976ರಲ್ಲಿ ಎರಿಕ್ ಚಾರ್ನೋವ್ ಅನ್ನೋ ವಿಜ್ಞಾನಿ ಅದನ್ನ ಸೂತ್ರವಾಗಿ ಬರೆದರು. ಸೂತ್ರ ಬೇಡ, ನಾವು ನೇರಳೆ ಹಣ್ಣಿನ ಮರ ಇಟ್ಕೊಂಡು ನೋಡೋಣ.

ನೀವು ಒಂದು ನೇರಳೆ ಮರದ ಹತ್ತಿರ ಹೋದ್ರಿ ಅಂದ್ಕೊಳ್ಳಿ. ಮೊದಲ 10 ನಿಮಿಷದಲ್ಲಿ ಕೈಗೆಟುಕುವ ಕೊಂಬೆಯಿಂದ 40 ಹಣ್ಣು ಸಿಕ್ತು. ಮುಂದಿನ 10 ನಿಮಿಷದಲ್ಲಿ ಸ್ವಲ್ಪ ಹತ್ತಬೇಕಾಯ್ತು, 20 ಹಣ್ಣು. ಅದರ ಮುಂದಿನ 10 ನಿಮಿಷದಲ್ಲಿ ಬರೀ 10. ಇಂಥದ್ದೇ ಬೇರೆ ಮರಗಳೂ ಇವೆ. ಈಗ ಯಾವಾಗ ಈ ಮರ ಬಿಡಬೇಕು?

ಮುಂದಿನ ಮರ 5 ನಿಮಿಷದ ದಾರಿ ಆದರೆ, ಪ್ರತಿ ಮರದಲ್ಲಿ 10 ನಿಮಿಷ ಇದ್ದು ಹೊರಟರೆ 15 ನಿಮಿಷಕ್ಕೆ 40 ಹಣ್ಣು, ಅಂದ್ರೆ ನಿಮಿಷಕ್ಕೆ 2.7. 20 ನಿಮಿಷ ಇದ್ದರೆ 25 ನಿಮಿಷಕ್ಕೆ 60, ನಿಮಿಷಕ್ಕೆ 2.4. ಬೇಗ ಹೊರಡೋದೇ ಲಾಭ. ಆದರೆ ಮುಂದಿನ ಮರ ಅರ್ಧ ಗಂಟೆ ದೂರ ಇದ್ದರೆ? 10 ನಿಮಿಷ ಇದ್ದು ಹೊರಟರೆ 40 ನಿಮಿಷಕ್ಕೆ 40 ಹಣ್ಣು, ನಿಮಿಷಕ್ಕೆ ಒಂದು. 20 ನಿಮಿಷ ಇದ್ದರೆ 50 ನಿಮಿಷಕ್ಕೆ 60, ನಿಮಿಷಕ್ಕೆ 1.2. ಈಗ ಸ್ವಲ್ಪ ಜಾಸ್ತಿ ಹೊತ್ತು ಇರೋದೇ ಲಾಭ.

ಮರ ಅದೇ, ಹಣ್ಣೂ ಅಷ್ಟೇ. ಬದಲಾಗಿದ್ದು ದಾರಿ ಒಂದೇ. ಇದನ್ನ ನೆನಪಿಟ್ಕೊಳ್ಳಿ. ಇರೋ ಜಾಗ ಬಿಡಬೇಕಾ ಬೇಡವಾ ಅನ್ನೋದು ಆ ಜಾಗ ಎಷ್ಟು ಚೆನ್ನಾಗಿದೆ ಅನ್ನೋದರ ಮೇಲೆ ಮಾತ್ರ ನಿಂತಿಲ್ಲ. ಮುಂದಿನ ಜಾಗಕ್ಕೆ ಹೋಗೋ ದಾರಿ ಎಷ್ಟು ಕಷ್ಟ ಅನ್ನೋದರ ಮೇಲೂ ನಿಂತಿದೆ.

ಎಷ್ಟು ಹೊತ್ತು ಹುಡುಕಬೇಕು?

ನೇರಳೆ ಲೆಕ್ಕದಲ್ಲಿ ಒಂದು ಮೋಸ ಇದೆ, ಗಮನಿಸಿದ್ರಾ? ಮುಂದಿನ ಮರದಲ್ಲಿ ಎಷ್ಟು ಹಣ್ಣಿದೆ ಅಂತ ನಮಗೆ ಮೊದಲೇ ಗೊತ್ತಿತ್ತು. ನಿಜ ಜೀವನದಲ್ಲಿ ಗೊತ್ತಿರಲ್ಲ.

ಇಂಗ್ಲೆಂಡಿನ ಜಾನ್ ಕ್ರೆಬ್ಸ್ ಮತ್ತು ಸಂಗಡಿಗರು 1978ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಗ್ರೇಟ್ ಟಿಟ್ ಅನ್ನೋ ಪುಟ್ಟ ಹಕ್ಕಿಗಳ ಮುಂದೆ ಕೂರುವ ಕೋಲು ಇರೋ ಎರಡು ಜಾಗ ಇಟ್ಟರು. ಹಕ್ಕಿ ಕೋಲಿನ ಮೇಲೆ ಕುಪ್ಪಳಿಸಿದರೆ ಕೆಲವು ಸಲ ತಿನ್ನೋಕೆ ಹುಳದ ತುಂಡು ಬೀಳುತ್ತೆ, ಕೆಲವು ಸಲ ಏನೂ ಬೀಳಲ್ಲ. ಒಂದು ಕಡೆ ಜಾಸ್ತಿ ಸಲ ಬೀಳುತ್ತೆ, ಇನ್ನೊಂದು ಕಡೆ ಕಮ್ಮಿ. ಯಾವುದು ಜಾಸ್ತಿ ಅಂತ ಹಕ್ಕಿಗೆ ಗೊತ್ತಿಲ್ಲ.

ಹಕ್ಕಿ ಏನು ಮಾಡ್ತು? ಮೊದಲು ಎರಡೂ ಕಡೆ ಹೋಗಿ ಬಂದು ಪರೀಕ್ಷೆ ಮಾಡ್ತು. ಆಮೇಲೆ ಒಂದು ಹಂತದಲ್ಲಿ ಪರೀಕ್ಷೆ ನಿಲ್ಲಿಸಿ ಒಳ್ಳೇ ಜಾಗಕ್ಕೆ ಅಂಟಿಕೊಳ್ತು. ಎರಡು ಜಾಗಗಳ ನಡುವೆ ವ್ಯತ್ಯಾಸ ದೊಡ್ಡದಿದ್ದರೆ ಬೇಗ ತೀರ್ಮಾನ ಮಾಡ್ತು, ಚಿಕ್ಕದಿದ್ದರೆ ಜಾಸ್ತಿ ಹೊತ್ತು ಹುಡುಕ್ತು. ಇಲ್ಲಿ ತುಂಬಾ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಒಟ್ಟು ಎಷ್ಟು ಸಮಯ ಸಿಗುತ್ತೆ ಅನ್ನೋದೂ ಲೆಕ್ಕಕ್ಕೆ ಬಂತು. ಸಮಯ ಜಾಸ್ತಿ ಇದ್ದಾಗ ಹುಡುಕಾಟವೂ ಜಾಸ್ತಿ.

ಯಾಕೆ ಅಂತ ನಿಮಗೂ ಗೊತ್ತು. ಬೆಂಗಳೂರಿಗೆ ಹೊಸದಾಗಿ ಬಂದು ಪಿಜಿ ಸೇರಿದ ಮೊದಲ ತಿಂಗಳು ಸುತ್ತಮುತ್ತ ಇರೋ ಎಲ್ಲ ದರ್ಶಿನಿಗಳಲ್ಲೂ ದೋಸೆ ತಿಂದು ನೋಡ್ತೀವಿ. ಒಳ್ಳೇದು ಒಂದು ಸಿಕ್ಕರೆ ಎರಡು ವರ್ಷ ಅದರ ಲಾಭ. ಅದೇ ನಾಳೆ ಊರು ಬಿಡ್ತೀವಿ ಅಂದ್ರೆ ಇವತ್ತು ಹೊಸ ಹೋಟೆಲ್ ಯಾರು ಹುಡುಕ್ತಾರೆ? ಕಾಯಂ ಹೋಗೋ ಜಾಗಕ್ಕೇ ಹೋಗ್ತೀವಿ. ಹುಡುಕಾಟ ಅಂದ್ರೆ ಬಂಡವಾಳ. ಅದನ್ನ ವಸೂಲಿ ಮಾಡೋಕೆ ಮುಂದೆ ದಿನಗಳು ಇರಬೇಕು.

ಬ್ರಿಟನ್ನಿನ ಕಡಲಲ್ಲಿ ಮೀನು ಹಿಡಿಯೋ ಗ್ಯಾನೆಟ್ ಹಕ್ಕಿಗಳ ಮೈಗೆ ಟ್ರ್ಯಾಕರ್ ಕಟ್ಟಿ ನೋಡಿದಾಗಲೂ ಇದೇ ಥರದ ಚಿತ್ರ ಕಂಡಿದೆ. ಎಳೇ ಹಕ್ಕಿಗಳು ಅಲ್ಲಿ ಇಲ್ಲಿ ಸುತ್ತಾಡ್ತವೆ. ಗೂಡು ಕಟ್ಟೋ ವಯಸ್ಸಿಗೆ ಬಂದ ಹಕ್ಕಿಗಳು ತಮ್ಮ ತಮ್ಮ ಕಾಯಂ ಜಾಗಕ್ಕೆ ಮತ್ತೆ ಮತ್ತೆ ಹೋಗ್ತವೆ.

ಮರಿ ಹುಲಿ ಮನೆ ಬಿಡೋ ಹೊತ್ತು

ಈಗ ನಮ್ಮ ಹುಲಿಗೆ ವಾಪಸ್ ಬರೋಣ. ಹುಲಿ ಮರಿ ಒಂದೂವರೆಯಿಂದ ಎರಡು ವರ್ಷದವರೆಗೆ ಅಮ್ಮನ ಜೊತೆ ಇರುತ್ತೆ. ಆಮೇಲೆ ಹೊರಡಬೇಕು. ಆದರೆ ಗಂಡು, ಹೆಣ್ಣು ಎರಡೂ ಒಂದೇ ಥರ ಹೊರಡೋದಿಲ್ಲ. ನೇಪಾಳದ ಚಿತ್ವನ್ ಕಾಡಿನಲ್ಲಿ ಡೇವಿಡ್ ಸ್ಮಿತ್ ಮಾಡಿದ ಅಧ್ಯಯನ 1993ರಲ್ಲಿ ಪ್ರಕಟವಾಯ್ತು. ಅಲ್ಲಿ ಹೆಣ್ಣು ಮರಿಗಳು ಹುಟ್ಟಿದ ಜಾಗದಿಂದ ಸರಾಸರಿ 10 ಕಿಲೋಮೀಟರ್ ಒಳಗೇ ನೆಲೆ ನಿಂತವು, ಎಷ್ಟೋ ಸಲ ಅಮ್ಮನ ಪಕ್ಕದಲ್ಲೇ. ಗಂಡು ಮರಿಗಳು ಸರಾಸರಿ 33 ಕಿಲೋಮೀಟರ್ ದೂರ ಹೋದವು.

ಗಂಡಿಗೆ ಇದು ಪೂರ್ತಿ ಅದರ ಇಷ್ಟವೂ ಅಲ್ಲ. ಹುಟ್ಟಿದ ಜಾಗದಲ್ಲಿ ಅಪ್ಪನೋ ಇನ್ನೊಂದು ಬಲವಾದ ಗಂಡೋ ಇರುತ್ತೆ. ಅಲ್ಲೇ ಉಳಿದರೆ ಕಾದಾಟ, ಕೆಲವು ಸಲ ಸಾವು. ಜೊತೆಗೆ ಅಲ್ಲಿರೋ ಹೆಣ್ಣುಗಳು ರಕ್ತಸಂಬಂಧಿಗಳೇ ಆಗಿರೋ ಸಾಧ್ಯತೆ ಜಾಸ್ತಿ. ಹಾಗಾಗಿ ಜಿಂಕೆ ಎಷ್ಟೇ ಇದ್ದರೂ ಆ ಕಾಡು ಅದರ ಪಾಲಿಗೆ ಬೇಟೆ ಜಾಗ ಅಲ್ಲ, ಬೇರೆಯವರ ಬೇಟೆ ಜಾಗ.

ಹೀಗೆ ಹೊರಟ ಹುಲಿ ಎಷ್ಟು ಹುಡುಕುತ್ತೆ ಅಂತ ತೋರಿಸಿಕೊಟ್ಟಿದ್ದು ಮಹಾರಾಷ್ಟ್ರದ ಒಂದು ಗಂಡು ಹುಲಿ. ಜನ ಅದನ್ನ 'ವಾಕರ್' ಅಂತಾನೇ ಕರೆದರು. ಟಿಪೇಶ್ವರ ವನ್ಯಧಾಮದಲ್ಲಿ ಹುಟ್ಟಿದ ಈ ಹುಲಿಗೆ 2019ರಲ್ಲಿ ರೇಡಿಯೊ ಕಾಲರ್ ಹಾಕಿದ್ದರು. ಹೊರಟಿದ್ದೇ ಹೊರಟಿದ್ದು, ಮಹಾರಾಷ್ಟ್ರ, ತೆಲಂಗಾಣದ ಹೊಲಗದ್ದೆ, ಹಳ್ಳ, ಹೆದ್ದಾರಿ ದಾಟಿ, ಸಾವಿರದ ಮುನ್ನೂರು ಕಿಲೋಮೀಟರ್ ನಡೆದು ವರ್ಷದ ಕೊನೆಗೆ ಜ್ಞಾನಗಂಗಾ ವನ್ಯಧಾಮ ಸೇರ್ತು. ಕಾಲರ್ ತೆಗೆಯೋ ಹೊತ್ತಿಗೆ, ಅಂದ್ರೆ 2020ರಲ್ಲಿ, ಅದರ ಒಟ್ಟು ನಡಿಗೆ 3,000 ಕಿಲೋಮೀಟರ್ ದಾಟಿತ್ತು. ಹಗಲು ಪೊದೆಯಲ್ಲಿ ಮಲಗಿ, ಹೆಚ್ಚಾಗಿ ರಾತ್ರಿ ನಡೆದಿತ್ತು.

ಜ್ಞಾನಗಂಗಾದಲ್ಲಿ ಅದಕ್ಕೆ ಏನು ಸಿಕ್ತು? ನೀಲಗಾಯ್, ಕಾಡುಹಂದಿ ಸಿಕ್ಕವು. ಎದುರಾಳಿ ಗಂಡು ಇರಲಿಲ್ಲ. ಆದರೆ ಹೆಣ್ಣು ಹುಲಿಯೂ ಇರಲಿಲ್ಲ. ಹೊಟ್ಟೆಗೆ ಹೊಸ ಜಾಗ ಸಾಕಾಯ್ತು, ವಂಶಕ್ಕೆ ಸಾಕಾಗಲಿಲ್ಲ. ನೋಡಿ, ಬೇಟೆ ಜಾಗ ಅಂದ್ರೆ ಬರೀ ಬೇಟೆ ಅಲ್ಲ.

ಮೂಳೆ ಸುಟ್ಟು ದಿಕ್ಕು ನೋಡಿದವರು

ಮನುಷ್ಯರ ಕಥೆ ಒಂದು ಹೇಳಲೇಬೇಕು. ಕೆನಡಾದ ಕ್ವಿಬೆಕ್, ಲ್ಯಾಬ್ರಡಾರ್ ಕಡೆಯ ನಸ್ಕಪಿ ಜನ ಕ್ಯಾರಿಬು ಅನ್ನೋ ಹಿಮಸಾರಂಗದ ಬೇಟೆಯನ್ನ ನಂಬಿ ಬದುಕಿದವರು. ಆಹಾರ ಕಮ್ಮಿ ಆಗಿ, ಯಾವ ಕಡೆ ಹೋಗಬೇಕು ಅಂತ ತೋಚದೆ ಇದ್ದಾಗ ಅವರಲ್ಲಿ ಒಂದು ಪದ್ಧತಿ ಇತ್ತು. ಕ್ಯಾರಿಬುವಿನ ಹೆಗಲ ಮೂಳೆಯನ್ನ ಕೆಂಡದ ಮೇಲೆ ಹಿಡೀತಾ ಇದ್ದರು. ಕಾವಿಗೆ ಮೂಳೆ ಬಿರುಕು ಬಿಡುತ್ತೆ, ಕಲೆ ಬೀಳುತ್ತೆ. ಅದನ್ನೇ ಮ್ಯಾಪ್ ಥರ ಓದಿ ಬೇಟೆಯ ದಿಕ್ಕು ತೀರ್ಮಾನ ಮಾಡ್ತಾ ಇದ್ದರು.

1957ರಲ್ಲಿ ಒಮರ್ ಖಯ್ಯಾಮ್ ಮೂರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಇದಕ್ಕೆ ಒಂದು ವಿವರಣೆ ಕೊಟ್ಟರು. ಹೋದ ಸಲ ಎಲ್ಲಿ ಸಿಕ್ತೋ ಅಲ್ಲಿಗೇ ಮತ್ತೆ ಹೋಗಬೇಕು ಅನ್ನೋದು ಮನುಷ್ಯನ ಸ್ವಭಾವ. ಎಲ್ಲರೂ ಹಾಗೇ ಮಾಡಿದರೆ ಆ ಜಾಗ ಬರಿದಾಗುತ್ತೆ, ಪ್ರಾಣಿಗಳೂ ಅಲ್ಲಿಗೆ ಬರೋದು ಬಿಡ್ತವೆ. ಮೂಳೆಯ ಬಿರುಕಿಗೆ ಹೋದ ಸಲದ ನೆನಪು ಇರೋದಿಲ್ಲ. ಹಾಗಾಗಿ ಅದು ಬೇಟೆಗಾರರನ್ನ ಅಭ್ಯಾಸದಿಂದ ಬಿಡಿಸಿ ಬೇರೆ ಬೇರೆ ದಿಕ್ಕಿಗೆ ಹಂಚ್ತಾ ಇತ್ತು ಅನ್ನೋದು ಅವರ ವಾದ. ಇದನ್ನ ಎಲ್ಲರೂ ಒಪ್ಪಿಲ್ಲ. ಬಿರುಕನ್ನ ಓದೋದು ಅನುಭವ ಇರೋ ಮನುಷ್ಯನೇ ತಾನೆ, ಅವನ ತಿಳಿವಳಿಕೆಯೂ ಅದರಲ್ಲಿ ಸೇರುತ್ತಲ್ಲ ಅಂತ ಕೇಳಿದವರಿದ್ದಾರೆ. ಆ ಪ್ರಶ್ನೆಯೂ ಸರಿಯೇ. ಆದರೂ ಅದರ ಹಿಂದಿರೋ ತೊಂದರೆ ನಿಜ. ಹೋದ ಸಲದ ಗೆಲುವು ಈ ಸಲ ನಮ್ಮನ್ನ ಹಳೇ ಜಾಗಕ್ಕೇ ಕಟ್ಟಿಹಾಕಬಹುದು.

ಇದರಲ್ಲಿ ನಮ್ಮ ಪಾಲು ಏನು?

2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ ಇವೆ. ಮಧ್ಯಪ್ರದೇಶದ 785 ಬಿಟ್ಟರೆ ದೇಶದಲ್ಲಿ ನಾವೇ ಎರಡನೆಯವರು. ಸಂತೋಷದ ವಿಷಯ. ಆದರೆ ಪ್ರತಿ ವರ್ಷ ಹೊಸ ಮರಿಗಳು ದೊಡ್ಡವಾಗ್ತವೆ, ಕಾಡು ದೊಡ್ಡದಾಗಲ್ಲ. ಜಾಗ ಸಿಗದ ಎಳೇ ಹುಲಿ, ಜಾಗ ಕಳ್ಕೊಂಡ ಮುದಿ ಹುಲಿ, ಎರಡೂ ಕಾಡಿನ ಅಂಚಿಗೆ ಬರ್ತವೆ. ಎಚ್.ಡಿ. ಕೋಟೆ, ಸರಗೂರು, ಗುಂಡ್ಲುಪೇಟೆ ಕಡೆಯವರಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೊಟ್ಟಿಗೆಯ ಹಸು ಹೋದರೆ ಅದು ಒಂದು ಮನೆಯ ದಿನದ ಹಾಲು, ತಿಂಗಳ ಸಂಪಾದನೆ. ಹೊಲಕ್ಕೆ ಹೋದ ಮನುಷ್ಯ ವಾಪಸ್ ಬರದೇ ಇದ್ದರೆ ಅದಕ್ಕೆ ಲೆಕ್ಕವೇ ಇಲ್ಲ.

ಸಿಟ್ಟು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ 2025ರ ಜೂನ್‌ನಲ್ಲಿ ನೋಡಿದ್ವಿ. ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿ, ಒಟ್ಟು ಐದು ಹುಲಿ ವಿಷಕ್ಕೆ ಸತ್ತವು. ವಿಷ ಇದ್ದಿದ್ದು ಹಸುವಿನ ಕಳೇಬರದಲ್ಲಿ. ಹುಲಿ ತಾನು ಕೊಂದ ಬೇಟೆಗೆ ಮತ್ತೆ ಬಂದೇ ಬರುತ್ತೆ, ದಿನಗಟ್ಟಲೆ ತಿನ್ನುತ್ತೆ. ಕಾಡಲ್ಲಿ ಅದನ್ನ ಉಳಿಸೋ ಅಭ್ಯಾಸವೇ ಕಾಡಂಚಿನಲ್ಲಿ ಅದನ್ನ ಕೊಲ್ಲುತ್ತೆ.

ಈಗ ನೇರಳೆ ಮರದ ಲೆಕ್ಕ ನೆನಪಿಸಿಕೊಳ್ಳಿ. ಮುಂದಿನ ಮರದ ದಾರಿ ಕಷ್ಟ ಆದಷ್ಟೂ ಇರೋ ಮರದಲ್ಲೇ ಜಾಸ್ತಿ ಹೊತ್ತು ಉಳೀತೀವಿ ಅಂತ ನೋಡಿದ್ವಿ. ಹುಲಿಗೂ ಹಾಗೇ. ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಮರೆಯಾಗಿ ನಡೆದು ಹೋಗೋ ದಾರಿ ಇದ್ದರೆ ಎಳೇ ಹುಲಿ ಹೊರಡುತ್ತೆ, ಖಾಲಿ ಜಾಗ ಹುಡುಕುತ್ತೆ. ದಾರಿ ಮುಚ್ಚಿದರೆ ಅಂಚಿನಲ್ಲೇ ಸುಳಿದಾಡುತ್ತೆ, ಸುಲಭಕ್ಕೆ ಸಿಗೋ ದನಕ್ಕೆ ಬಾಯಿ ಹಾಕುತ್ತೆ. ಕಾರಿಡಾರ್ ಅನ್ನೋ ಪದ ನಾವು ಸುದ್ದಿಯಲ್ಲಿ ಕೇಳ್ತೀವಲ್ಲ, ಅದರ ಅರ್ಥ ಇಷ್ಟೇ. ಅದು ಪ್ರಾಣಿಗೆ ಮಾಡೋ ಉಪಕಾರ ಮಾತ್ರ ಅಲ್ಲ, ಅಂಚಿನಲ್ಲಿರೋ ಊರಿನ ಮೇಲಿನ ಒತ್ತಡ ಇಳಿಸೋ ದಾರಿಯೂ ಹೌದು. ಬಂಡೀಪುರದಲ್ಲಿ ಹಾದು ಹೋಗೋ ಮೈಸೂರು-ಕೋಯಿಕ್ಕೋಡ್ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇರೋದರ ಹಿಂದಿನ ತರ್ಕವೂ ಇದೇ. ಹುಲಿ, ಆನೆ, ಜಿಂಕೆ ರಸ್ತೆ ದಾಟೋ ಹೊತ್ತು ಅದು.

ದಾರಿ ಉಳಿಸೋದು ಒಂದು ಕಡೆ ಆದರೆ, ದಾರಿಯ ಪಕ್ಕ ಇರೋರನ್ನ ಉಳಿಸೋದು ಇನ್ನೊಂದು ಕಡೆ. ಹಸು ಕಳ್ಕೊಂಡವರಿಗೆ ಪರಿಹಾರ ಬೇಗ ಸಿಗಬೇಕು, ಸಾಕಾಗೋ ಅಷ್ಟು ಸಿಗಬೇಕು. ಅದು ಆಗದೆ ಹುಲಿ ಉಳಿಸಿ ಅಂತ ಸಿಟಿಯಲ್ಲಿ ಕೂತು ಹೇಳೋದು ಸುಲಭ. ಆ ಮಾತಿನ ಬೆಲೆ ಕಟ್ಟೋರು ಬೇರೆಯವರು.

ಬಂಡೀಪುರದಿಂದ ಶಿಕಾರಿಪುರಕ್ಕೆ ಹೋದ ಹುಲಿ ಒಂದು ವಿಷಯ ಸಾಬೀತು ಮಾಡ್ತು. ಅಷ್ಟು ದೂರ ಹೋಗೋಕೆ ಆಗುವಷ್ಟು ದಾರಿ ಆಗ ಉಳಿದಿತ್ತು. ಹೊರಡಬೇಕಾ ಅಂತ ತೀರ್ಮಾನ ಮಾಡೋದು ಹುಲಿ. ಹೋಗೋಕೆ ದಾರಿ ಇರುತ್ತಾ ಅಂತ ತೀರ್ಮಾನ ಮಾಡೋರು ನಾವು.

ಇವತ್ತಿಗೆ ಇಷ್ಟು. ಕಾಡಂಚಿನ ಊರಿನವರಾಗಿದ್ದರೆ ನಿಮ್ಮ ಕಡೆ ಹೇಗಿದೆ ಪರಿಸ್ಥಿತಿ ಅಂತ ನಮಗೆ ಬರೆದು ತಿಳಿಸಿ. ಇಷ್ಟ ಆಗಿದ್ದರೆ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೂ ಒಂದು ಸಲ ಕಳಿಸಿ.